ನಾನು ಸಾಹೇಬನಾಗಿದ್ದ ವರ್ಷ

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಆಗಾಗ ಮೀಸೆ ಬರುತ್ತಲೇ ಇರುತ್ತದೆ. ಮೊನ್ನೆ ಮೊಮ್ಮಗಳು ಕಾಲೇಜಿನ ಬೀದಿನಾಟಕ ಮುಗಿಸಿ, ಕಾಡಿಗೆಯ ಮೀಸೆ ಒರೆಸಿಕೊಳ್ಳದೆ ಹಾಗೇ ಸ್ಕೂಟಿ ಓಡಿಸಿಕೊಂಡು ಬಂದಳು. ನನ್ನ ಮಗ ಬಾಗಿಲಲ್ಲೇ ತಡೆದು, “ಇದೇನವಾ ಅವತಾರ? ನಮ್ಮ ಮನಿತನದಾಗ ಯಾರರ ಹಿಂಗ ಮಾಡ್ಯಾರೇನು?” ಎಂದ. ನಾನು ಕಪಾಟಿನಿಂದ ನನ್ನ ಹಳೆಯ ವಹಿ ತಂದು ಅವನ ಮುಂದಿಟ್ಟೆ. ಬಿ.ಎ. ಮೊದಲ ವರ್ಷದಲ್ಲಿ ನಮ್ಮ ಬೀದಿನಾಟಕದ ತಂಡ ಎಲ್ಲೆಲ್ಲಿ ನಾಟಕ ಆಡಿತು, ಎಷ್ಟು ಮಂದಿ ಕೂಡಿದ್ದರು, ಏನೇನು ಎಡವಟ್ಟಾಯಿತು ಎಲ್ಲ ಅದರಲ್ಲಿ ಬರೆದಿಟ್ಟಿದ್ದೇನೆ. ಆದ್ದರಿಂದ ಕೆಳಗಿನದರಲ್ಲಿ ಉತ್ಪ್ರೇಕ್ಷೆ ಇಲ್ಲ. ಅನುಮಾನ ಇದ್ದವರು ಮನೆಗೆ ಬಂದು ವಹಿ ನೋಡಬಹುದು, ಚಹಾನೂ ಕೊಡುತ್ತೇನೆ.

ಇಸ್ತ್ರಿಗೆ ಹೋದ ಕೋಟು

ಬೈಲಹೊಂಗಲದ ನಮ್ಮ ಓಣಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಅಪ್ಪ ಕನ್ನಡ ಸಾಲಿ ಮಾಸ್ತರರು. ಫೀ ಕಟ್ಟಿ ಬಂದ ದಿನವೇ ಷರತ್ತು ಹಾಕಿದ್ದರು: “ಕಾಲೇಜಿನಿಂದ ಸೀದಾ ಮನಿ. ನಾಟಕ, ಮೆರವಣಿಗಿ ಅಂತ ಮಂದಿ ಮುಂದ ನಿಂತಿ ಅಂದ್ರ, ಅವತ್ತ ಪುಸ್ತಕ ಕಟ್ಟಿಡು.” ಅಪ್ಪ ಆಡಿದ ಮಾತು ಹಿಂದೆ ತೆಗೆದುಕೊಂಡದ್ದನ್ನು ನಾವು ಯಾರೂ ನೋಡಿರಲಿಲ್ಲ.

ನಮ್ಮ ನಾಟಕದ ಹೆಸರು ‘ಐದನೇ ಗುದ್ದಲಿ ಪೂಜೆ’. ಚುನಾವಣೆಗೊಮ್ಮೆ ಬಂದು ಅದೇ ಹಳ್ಳದ ಅದೇ ಸೇತುವೆಗೆ ಗುದ್ದಲಿ ಪೂಜೆ ಮಾಡಿ ಹೋಗುವ ಒಬ್ಬ ಸಾಹೇಬರ ಕಥೆ. ಸಾಹೇಬನ ಪಾತ್ರಕ್ಕಿದ್ದ ಹುಡುಗ, ಸೋದರಮಾವ ಚುನಾವಣೆಗೆ ನಿಂತನೆಂದು ಕೈಬಿಟ್ಟ. ನಾಟಕ ಆಡಿಸುತ್ತಿದ್ದ ಸಿರಸಂಗಿಯ ಸಹಪಾಠಿ ಎಲ್ಲರ ದನಿ ಕೇಳಿ ನೋಡಿ, “ಇಷ್ಟು ಮಂದ್ಯಾಗ ಗಂಡಸಿನ ದನಿ ಇರೂದು ಈಕೀದೊಂದ” ಎಂದ. ಮೀಸೆ, ರುಮಾಲು, ಕೋಟು ಹಾಕಿಕೊಂಡರೆ ಗುರುತು ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ ಒಪ್ಪಿಕೊಂಡೆ. ಮನೆಯಲ್ಲಿ ಗುಟ್ಟು ಗೊತ್ತಿದ್ದದ್ದು ಅವ್ವನಿಗೆ ಒಬ್ಬಳಿಗೇ. ಅಪ್ಪನ ಹಳೆಯ ಕೋಟನ್ನು ಅವಳೇ ಗೂಟದಿಂದ ತೆಗೆದುಕೊಟ್ಟಳು. ಅಪ್ಪ ಕೇಳಿದರೆ “ಇಸ್ತ್ರಿಗೆ ಕೊಟ್ಟೇನ್ರಿ” ಅನ್ನುತ್ತಿದ್ದಳು.

ಆ ಕೋಟು ಇಡೀ ವರ್ಷ ಇಸ್ತ್ರಿಯಲ್ಲೇ ಇತ್ತು.

ಕಿತ್ತೂರಿನ ಗಿರಣಿ

ಮೊದಲ ಪ್ರಯೋಗ ಕಿತ್ತೂರಿನ ಸಂತೆಯಲ್ಲಿ. ನಾಟಕ ಮುಗಿದು ನಾನು ಇನ್ನೂ ಮೀಸೆಯಲ್ಲೇ ಇದ್ದೆ. ಹಿಟ್ಟು ಮೆತ್ತಿದ ಅಂಗಿಯ ಹಿರಿಯರೊಬ್ಬರು ಬಂದು ಕೈ ಮುಗಿದರು.

“ಸಾಹೇಬ್ರ, ಹಿಂದಿನ ಓಣ್ಯಾಗ ಹೊಸಾ ಗಿರಣಿ ಹಾಕೇನಿ. ಉದ್ಘಾಟನಾ ಮಾಡಿ ಹೋಗ್ರಿ.”

ಸಿರಸಂಗಿಯವ ಗಾಬರಿಯಾಗಿ, “ಕಾಕಾ, ಇವರು ಖರೇ ಸಾಹೇಬ್ರಲ್ರಿ, ನಾಟಕದವರು” ಎಂದ.

“ಗೊತ್ತೈತೋ ತಮ್ಮಾ. ಖರೇ ಸಾಹೇಬ್ರು ಮೂರು ಸಲ ತಾರೀಖು ಕೊಟ್ಟು ಬರಲಿಲ್ಲ. ಜ್ವಾಳ ಬೀಸಾಕ ಬಂದ ಮಂದಿ ತಿರಿಗಿ ಹೊಂಟಾರ. ಇವರಂತೂ ಬಂದಾರಲ್ಲ? ಕೈಯಾಗ ತೆಂಗಿನಕಾಯಿನೂ ಐತಿ!”

ಕಾಯಿ ಒಡೆದೆ, ಗುಂಡಿ ಒತ್ತಿದೆ, ಗಿರಣಿ ಶುರುವಾಯಿತು. ಆ ಹಿರಿಯರು ಪಕ್ಕದವರಿಗೆ ಹೇಳುತ್ತಿದ್ದರು: “ಭಾಷಣ ಮಾಡಲಿಲ್ಲ ನೋಡು. ಭಾಳ ಛಲೋ ಸಾಹೇಬ್ರು.”

ನೇಸರಗಿಯ ಕಾಮಗಾರಿ

ನಾಟಕದಲ್ಲಿ ಸಾಹೇಬ ಗುದ್ದಲಿಯನ್ನು ನೆಲಕ್ಕೆ ಮುಟ್ಟಿಸಿ, ಫೋಟೋಗೆ ನಕ್ಕು, ಹೊರಟುಬಿಡಬೇಕು. ನೇಸರಗಿಯಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲೇ ಆಡುತ್ತಿದ್ದೆವು. ಗುದ್ದಲಿ ಎತ್ತಿದ್ದೇ ತಡ, ಮುಂದೆ ಕುಳಿತಿದ್ದ ರೈತರೊಬ್ಬರು ಎದ್ದು ಬಂದರು.

“ಗುದ್ದಲಿ ಹಿಡಿಯೂದು ಹಿಂಗೇನ್ರಿ? ಕೊಡ್ರಿ ಇಲ್ಲಿ. ನೋಡಾಕ ಆಗವಲ್ದು.”

ನನ್ನ ಕೈಯಿಂದ ಕಸಿದುಕೊಂಡು ನಾಲ್ಕು ಏಟು ಹಾಕಿ ತೋರಿಸಿದರು. ಇನ್ನೊಬ್ಬರಿಗೆ ಅದು ಸರಿ ಬರಲಿಲ್ಲ. “ಸೊಂಟ ಬಗ್ಗಸೋ ಮಾರಾಯಾ” ಎಂದು ಅವರು ಇಸಿದುಕೊಂಡರು. ಮೂರನೆಯವರು ಮನೆಯಿಂದ ಸಲಿಕೆ ತಂದರು. ನಾನು ಸಾಹೇಬನ ಗತ್ತಿನಲ್ಲಿ “ಸಾಕು, ಸಾಕು” ಅನ್ನುತ್ತಿದ್ದರೆ ಯಾರೂ ಕೇಳುವವರಿಲ್ಲ. ಬೆಳಗಾವಿಯ ಬಸ್ಸು ಬಂದು ನಿಲ್ಲುವಷ್ಟರಲ್ಲಿ ಗುಂಡಿ ಮೊಣಕಾಲುದ್ದ ಆಗಿತ್ತು.

ಕಂಡಕ್ಟರ್ ಕೆಳಗಿಳಿದು, “ಏನ ಕಾಮಗಾರೀರಿ ಇದು?” ಎಂದು ಕೇಳಿದ.

“ನಾಟಕ್ರಿ,” ಎಂದ ನಮ್ಮವ.

“ಎಲ್ಲಾ ಕಾಮಗಾರಿನೂ ಅದ ಅಲ್ಲೇನ್ರಿ. ಸರೀರಿ, ಗಾಡಿ ಹೋಗಬೇಕು!”

ಉಗರಗೋಳದ ಲೆಕ್ಕ

ಸವದತ್ತಿ ಕಡೆಯ ಪ್ರಯೋಗ ಉಗರಗೋಳದಲ್ಲಿ. ಕುಂಕುಮ, ಭಂಡಾರದ ಅರಿಶಿನ ಮಾರುವ ಅಂಗಡಿಗಳ ನಡುವೆ ಜನ ಒತ್ತಿಕೊಂಡು ನಿಂತಿದ್ದರು. ಅರ್ಧ ನಾಟಕದಲ್ಲಿ ಹೆಗಲ ಮೇಲೆ ಪಕ್ಷದ ಶಾಲು ಹಾಕಿದ ಕಾರ್ಯಕರ್ತನೊಬ್ಬ ನುಗ್ಗಿ ಬಂದು ನನ್ನೆದುರು ನಿಂತ.

“ಯಾವೂರಲೇ ನಿಂದು? ಯಾರ ಮಗಾ ನೀ?”

ನಾನು ಹೆದರಿದ್ದು ಹೊಡೆಯುತ್ತಾನೆಂದು ಅಲ್ಲ. ಊರ ಹೆಸರು ಹೇಳಿದರೆ ಸಂಜೆಯ ಬಸ್ಸಿಗೇ ಸುದ್ದಿ ಅಪ್ಪನನ್ನು ಮುಟ್ಟುತ್ತದೆ, ಮರುದಿನ ನನ್ನ ಪುಸ್ತಕಗಳು ಅಟ್ಟ ಸೇರುತ್ತವೆ. ಸಿರಸಂಗಿಯವ ನಡುವೆ ಬಂದ.

“ನಾವು ಯಾರ ಹೆಸರೂ ತಗೊಂಡಿಲ್ರಿ.”

“ಹೆಸರ ಯಾಕ ಬೇಕು? ಒಂದ ಸೇತುವಿಗೆ ಐದು ಪೂಜಾ ಅಂದ್ರ ನಮ್ಮ ಸಾಹೇಬ್ರ ಅಂತ ಹುಟ್ಟಿದ ಕೂಸಿಗೂ ಗೊತ್ತೈತಿ!”

ಎದುರಿನ ಅಂಗಡಿಯಿಂದ ಬೇರೆ ಬಣ್ಣದ ಶಾಲಿನವನೊಬ್ಬ ಕೂಗಿದ: “ಏ, ಸುಮ್ಮ ಕುಂದ್ರೋ! ನಿಮ್ಮವರು ಐದು ಎಲ್ಲಿ ಮಾಡ್ಯಾರ? ಮೂರಕ್ಕ ಸೋತು ಮನೀಗೆ ಹೋದ್ರು. ಐದು ಮಾಡಿದವರು ನಮ್ಮವರು.”

“ನಮ್ಮವರು ಸೋತ ಮ್ಯಾಲೂ ಬಂದು ಎರಡು ಮಾಡ್ಯಾರ! ಕೇಳ ಬೇಕಾದ್ರ ಊರ ಮಂದೀನ!”

ಇಬ್ಬರೂ ಬೆರಳು ಮಡಚಿ ಎಣಿಸತೊಡಗಿದರು. ಊರ ಮಂದಿ ಪಂಚರಾದರು. ನಾವು ಸದ್ದಿಲ್ಲದೆ ಬಾರಿಸುವ ಹಲಗೆ ಎತ್ತಿಕೊಂಡು ಸವದತ್ತಿಯ ಬಸ್ಸು ಹತ್ತಿದೆವು. ಕಿಟಕಿಯಿಂದ ಕೊನೆಯದಾಗಿ ಕೇಳಿಸಿದ್ದು:

“ಸಮುದಾಯ ಭವನದ್ದು ಹಿಡದ್ರ ನಮ್ಮವರದು ಒಂಬತ್ತು!”

ರಾಮದುರ್ಗದವರು

ರಾಮದುರ್ಗದಲ್ಲಿ ಯಾವ ಎಡವಟ್ಟೂ ಆಗಲಿಲ್ಲ ಎಂದು ವಹಿಯಲ್ಲಿ ಬರೆದಿದ್ದೇನೆ. ಆಮೇಲೆ ಅದನ್ನು ಹೊಡೆದು ಹಾಕಿದ್ದೇನೆ.

ಅಲ್ಲಿ ಕಾಳಿನ ವ್ಯಾಪಾರಿಯೊಬ್ಬರು ಹೆಂಡತಿಯ ಜೊತೆ ನಿಂತು ಪೂರ್ತಿ ನಾಟಕ ನೋಡಿ, “ಆ ಸಾಹೇಬ್ರ ಪಾತ್ರದ ಹುಡುಗ ಯಾರ ಪೈಕಿ?” ಎಂದು ಸಿರಸಂಗಿಯವನನ್ನು ಕೇಳಿದ್ದರು. ಶಾಭಾಸ್ ಎಂದು ಒಂದು ಕಾಗದ ಬರೆದಾರು ಅಂದುಕೊಂಡು ಇವನು, “ಬೈಲಹೊಂಗಲದ ಮಾಸ್ತರ ಮಗಾರಿ” ಎಂದು ಓಣಿಯ ಸಮೇತ ಹೇಳಿಬಿಟ್ಟಿದ್ದ. ಹುಡುಗಿ ಎಂದು ಹೇಳಲಿಲ್ಲವಲ್ಲ, ಗುಟ್ಟು ಉಳಿಯಿತು ಎಂಬುದು ಅವನ ಜಾಣತನ.

ಮುಂದಿನ ಭಾನುವಾರ ಮುಂಜಾನೆ ಗಂಡ ಹೆಂಡತಿ ಇಬ್ಬರೂ ಬಾಳೆಹಣ್ಣು, ಸಕ್ಕರೆ ಪುಡಿಕೆ ಹಿಡಿದು ನಮ್ಮ ಪಡಸಾಲೆಯಲ್ಲಿ ಬಂದು ಕುಳಿತರು. ನಾನು ಒಳಗಿನಿಂದ ಗುರುತು ಹಿಡಿದೆ. ಅವ್ವ ನನ್ನ ರಟ್ಟೆ ಹಿಡಿದು, “ಹೊರಗ ಬರಬ್ಯಾಡ” ಎಂದಳು.

“ನಿಮ್ಮ ಮಗನ್ನ ನೋಡೀವ್ರಿ ಮಾಸ್ತರ,” ಎಂದು ವ್ಯಾಪಾರಿ ಶುರು ಮಾಡಿದರು. “ಏನ ಗತ್ತು, ಏನ ಮಾತು! ನಮ್ಮ ಮಗಳಿಗೆ ಕೊಟ್ರ ಇಂಥಾವಗ ಕೊಡಬೇಕು ಅಂತ ಬಂದೀವಿ.”

“ಮನಿ ತಪ್ಪೀರಿ ಅನಸ್ತೈತಿ. ನನಗ ಮೂರೂ ಹೆಣ್ಣಮಕ್ಕಳು.”

“ತಪ್ಪಿಲ್ರಿ. ನಾಟಕದಾಗ ಸಾಹೇಬ ಆಗಿದ್ನಲ್ರಿ? ಕಾಲೇಜ ಹುಡುಗ. ಎಡಗೆನ್ನಿ ಮ್ಯಾಲೆ ಮಚ್ಚಿ ಐತಿ.”

ಒಳಗೆ ನಾನು ಎಡಗೆನ್ನೆಯ ಮಚ್ಚೆ ಮುಚ್ಚಿಕೊಂಡೆ. ನಂತರ ಅಪ್ಪ ನನ್ನ ಹೆಸರು ಹಿಡಿದು ಕರೆದರು. “ಚಹಾ ತಗೊಂಡು ಬಾ.”

ತಟ್ಟೆ ಹಿಡಿದು ಹೊರಗೆ ಬಂದೆ. ವ್ಯಾಪಾರಿಯ ಹೆಂಡತಿ ಕಪ್ಪಿಗೆ ಕೈ ಚಾಚಿದವರು ನನ್ನ ಕೆನ್ನೆ ನೋಡಿ ಚೀರಿದರು:

“ಅಯ್ಯ ಶಿವನ! ಇಕಿನ ನಮ್ಮ ಅಳಿಯಾ!”

ವ್ಯಾಪಾರಿಗೆ ನಗು ತಡೆಯಲಾಗಲಿಲ್ಲ. ಅಪ್ಪ ನಗಲಿಲ್ಲ. ಕೈಯಲ್ಲಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು. ನನ್ನ ಕಾಲೇಜು ಅಲ್ಲಿಗೆ ಮುಗಿಯಿತು ಅಂದುಕೊಂಡೆ.

“ಮಂದಿ ಯಾವ ಮಾತಿಗೆ ನಕ್ಕರು?” ಅಪ್ಪ ನನ್ನನ್ನು ಕೇಳಲಿಲ್ಲ, ವ್ಯಾಪಾರಿಯನ್ನು ಕೇಳಿದರು.

ಅವರು ಎದ್ದು ನಿಂತು, ನನ್ನ ಹಾಗೆಯೇ ಎದೆ ಉಬ್ಬಿಸಿ ಹೇಳಿದರು: “ಸೇತುವಿ ಕಟ್ಟಿಬಿಟ್ರ ಮುಂದಿನ ಸಲ ನಾ ಯಾವ ನೆವಕ್ಕ ಬರ್ಲಿ? ನಿಮ್ಮನ್ನ ಬಿಟ್ಟಿರಾಕ ಆಗೂದಿಲ್ಲ, ಅದಕ್ಕ ಕಟ್ಟವಲ್ಲೆ!”

ಅಪ್ಪ ತುಟಿ ಬಿಗಿಹಿಡಿದರು. ಭುಜ ಮಾತ್ರ ಕುಣಿಯುತ್ತಿತ್ತು. “ಆ ಮಾತು ಬರದವರು ಯಾರು?” ಎಂದರು.

“ನಾನ ಅಪ್ಪಾ,” ಎಂದೆ.

ವ್ಯಾಪಾರಿ ಈ ಸಂದು ಬಿಡಲಿಲ್ಲ. “ಮಾಸ್ತರ, ನಮಗೊಬ್ಬ ಮಗಾನೂ ಅದಾನ್ರಿ. ಈ ಕನ್ಯಾನ ನಮಗ ಕೊಡ್ರಿ, ಬರೂ ಬ್ಯಾಸಗ್ಯಾಗ ಮಾಡಿ ಮುಗಸೂಣು. ಕಾಲೇಜು ಗೀಲೇಜು ಸಾಕು.”

ಅಪ್ಪನ ಬೆನ್ನು ನೆಟ್ಟಗಾಯಿತು. “ಸಾಕು ಅನ್ನಾಕ ನೀವ್ಯಾರ್ರಿ? ಆಕಿ ಬಿ.ಎ. ಮುಗಸಬೇಕು. ಇನ್ನ ಎರಡು ವರ್ಷ. ನಾಟಕ ಇದ್ರ ಅದನ್ನೂ ಮುಗಸ್ತಾಳ. ಕಾಯೂದಾದ್ರ ಕಾಯ್ರಿ.”

ಅವರು ಕಾದರು. ಎರಡು ವರ್ಷದ ಮೇಲೆ, ಎರಡನೇ ದರ್ಜೆಯ ಪದವಿ ಪತ್ರವನ್ನು ಟ್ರಂಕಿನಲ್ಲಿ ಎಲ್ಲ ಸೀರೆಗಳ ಮೇಲಿಟ್ಟುಕೊಂಡು ನಾನು ರಾಮದುರ್ಗದ ಮನೆಗೆ ಹೋದೆ. ಮರುದಿನ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಒಬ್ಬಾಕೆ, “ಸಂಬಂಧ ಹೆಂಗ ಕೂಡತ್ರಿ?” ಎಂದು ಕೇಳಿದಳು.

ಅತ್ತೆ ನನ್ನ ಪಕ್ಕ ಕುಳಿತು, ನಿಧಾನವಾಗಿ ಎಲೆಗೆ ಸುಣ್ಣ ಸವರುತ್ತ ಹೇಳಿದರು:

“ಮಗಳಿಗೆ ವರಾ ನೋಡಾಕ ಹೋಗಿದ್ವೆವಾ. ಹುಡುಗ ಮನಸಿಗೆ ಬಂದ, ಮಗಗ ಮಾಡಿಕೊಂಡು ಬಂದೀವಿ. ಮಗಳಿಗೆ ಇನ್ನೂ ಹುಡಕಾಕ ಹತ್ತೇವಿ.”