ಆಷಾಢದಲ್ಲಿ ಬಿಳಿ ಡೇರೆ

"ಮರಳುಗಾಡು ಅಂದ್ರ ಏನು ಮಹಾ? ಒಂದು ಡೇರೆ, ಒಂದಿಷ್ಟು ಉಸುಕು! ಇಪ್ಪತ್ತೆರಡು ವರ್ಷದಿಂದ ಡೇರೆ ಹೊಡ್ಯಾಕತ್ತೇನಿ. ಇನ್ನೊಬ್ಬನ ಡೇರ್ಯಾಗ ಮಲಗಾಕ ನಾ ಜೈಸಲ್ಮೇರಿಗೆ ಹೋಗಬೇಕೇನು?"

ಹುಮನಾಬಾದಿನ ಟೆಂಟ್ ಹೌಸ್ ಮಾಲೀಕ ತುಳಜಾರಾಮ ಹೀಗೆ ಘೋಷಿಸಿದಾಗ ಅವನ ಹೆಂಡತಿ ಯಶೋದಾಬಾಯಿ ಮೆಂತ್ಯಪಲ್ಲೆ ಸೋಸುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ಆಕೆ ಮೊಬೈಲಿನಲ್ಲಿ ಒಂದು ಚಿತ್ರ ನೋಡಿದ್ದಳು. ಮರಳಿನ ದಿಬ್ಬ, ಬಿಳಿ ಡೇರೆ, ಮುಂದೆ ಕುರ್ಚಿಯಲ್ಲಿ ಆರಾಮವಾಗಿ ಕೂತ ಹೆಂಗಸು. ಯಾರೋ ಆಕೆಯ ಕೈಗೆ ಚಹಾ ಕೊಡುತ್ತಿದ್ದಾರೆ! ಅಂದಿನಿಂದ ಅದೊಂದೇ ಆಸೆ. ಅಡ್ಡಿಯೂ ಒಂದೇ. ಥಾರ್ ಮರುಭೂಮಿಗಾಗಲಿ ಕಛ್ ರಣಕ್ಕಾಗಲಿ ಹೋಗಲು ಒಳ್ಳೆಯ ಕಾಲ ನವೆಂಬರಿನಿಂದ ಫೆಬ್ರುವರಿ. ತುಳಸಿ ಲಗ್ನ ಮುಗಿದು ಮದುವೆಗಳು ಮುಗಿಬೀಳುವುದೂ ಆಗಲೇ. "ಸೀಜನ್ನಾಗ ನಾ ಒಂದಿನ ಇಲ್ಲಂದ್ರ ದಂಧೆ ಮುಳುಗಿ ಹೋಗ್ತದ!" ಎಂದು ತುಳಜಾರಾಮ ಪ್ರತಿ ವರ್ಷ ಗಂಭೀರವಾಗಿ ಹೇಳುತ್ತಿದ್ದ. ಅವನಿಗೆ ಬಿಡುವು ಸಿಗುವುದು ಆಷಾಢದಲ್ಲಿ. ಆಗ ಅಲ್ಲಿ ಹಪ್ಪಳ ಸುಡಲು ಒಲೆ ಬೇಡ.

ಈ ಸಲ ಆಕೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. "ಈ ವರ್ಷ ಕರಕೊಂಡು ಹೋಗ್ರಿ. ಇಲ್ಲಾಂದ್ರ ನಾ ನಮ್ಮ ತಂಗಿ ಜೋಡಿ ಹೋಗ್ತೀನಿ." ಅದಕ್ಕೇ ಮೇಲಿನ ಘೋಷಣೆ.

ಆಷಾಢದ ಮೊದಲ ರವಿವಾರ ಬೆಳಿಗ್ಗೆ, ಬಸವಕಲ್ಯಾಣದ ಹತ್ತಿರದ ಮಂಠಾಳದಲ್ಲಿ, ಅವರ ಸ್ವಂತ ಹೊಲದಲ್ಲಿ ಮರುಭೂಮಿ ಅವತರಿಸಿತು. ಒಂದು ಟ್ರ್ಯಾಕ್ಟರ್ ಉಸುಕು ಬಂದು ಬಿತ್ತು. ಅದರಲ್ಲೇ ಗೂಟ ಊರಿ, ಚಿತ್ರದಲ್ಲಿದ್ದಂತೆಯೇ ಬಿಳಿ ಬಟ್ಟೆಯ ಡೇರೆ ಎದ್ದಿತು. "ಮರುಭೂಮ್ಯಾಗ ನೆಟ್‌ವರ್ಕ್ ಎಲ್ಲಿಂದ ಬರ್ತದ?" ಎಂದು ತುಳಜಾರಾಮ ಇಬ್ಬರ ಫೋನೂ ಬಂದ್ ಮಾಡಿದ. ಸಂಜೆ ನಾಲ್ಕಕ್ಕೆ ಮೂರು ಕಲ್ಲಿಟ್ಟು ಚಹಾ ಕುದಿಸಿ, ಎರಡೂ ಕೈಯಿಂದ ಹೆಂಡತಿಗೆ ಕೊಟ್ಟ. ಆಮೇಲೆ ದಣಿವಾಗಿ ಡೇರೆಯೊಳಗೆ ಅಡ್ಡಾದ. ನೊಣದ ಕಾಟಕ್ಕೆ ಬಿಳಿ ಚಾದರವನ್ನು ಮುಖದ ಮೇಲೆ ಎಳೆದುಕೊಂಡ.

ಯಶೋದಾಬಾಯಿ ಕುರ್ಚಿಯಲ್ಲಿ ಕೂತು ಮೊದಲ ಗುಟುಕು ಹೀರುವಷ್ಟರಲ್ಲಿ ರಸ್ತೆಯ ಕಡೆಯಿಂದ ಅಳು ಕೇಳಿಸಿತು.

"ಅಯ್ಯೋ ಅಣ್ಣಾ! ಒಂದು ಮಾತು ಹೇಳದ ಹೋದೆಲ್ಲೋ!"

ಕೊಡಂಬಲದಿಂದ ತುಳಜಾರಾಮನ ತಂಗಿ ಧೂಳಮ್ಮ ಒಂದು ಜೀಪು ಮಂದಿಯನ್ನು ಕಟ್ಟಿಕೊಂಡು ಬಂದಿದ್ದಳು. ಹಿಂದೆಯೇ ಅರ್ಧ ಮಂಠಾಳ!

ಅವರದೇನೂ ತಪ್ಪಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ. ಆಗ ಸ್ವಂತ ಹೊಲದಲ್ಲಿ ಬಿಳಿ ಡೇರೆ ಎದ್ದರೆ ಯಾರನ್ನೋ ಮಣ್ಣಿಗೆ ಇಡುತ್ತಿದ್ದಾರೆ ಎಂದೇ ಅರ್ಥ. ಪಕ್ಕದಲ್ಲಿ ಉಸುಕು ಬಿದ್ದಿದ್ದರೆ ಅದು ಸಮಾಧಿ ಕಟ್ಟಲು. ಲಗ್ನಕ್ಕೆ ಬಣ್ಣದ್ದು, ಸಾವಿಗೆ ಬಿಳಿಯದು ಎಂದು ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಟ್ಟವನೇ ತುಳಜಾರಾಮ! ಬೆಳಿಗ್ಗೆ ಡೇರೆ ಕಂಡವರ ಸುದ್ದಿ ಕೊಡಂಬಲದವರೆಗೂ ಹಬ್ಬಿತ್ತು; ಫೋನ್ ಮಾಡಿದರೆ ಗಂಡ ಹೆಂಡತಿ ಇಬ್ಬರದೂ ಬಂದ್, ಬಂದು ನೋಡಿದರೆ ಅವನ ಮುಖದ ಮೇಲೆ ಬಿಳಿ ಚಾದರ. ಇನ್ನೇನು ಸಾಕ್ಷಿ ಬೇಕು?

"ವೈನಿ, ಹ್ಯಾಂಗಾತು?" ಎಂದು ಧೂಳಮ್ಮ ಅತ್ತಿಗೆಯನ್ನು ಕೇಳಿದಳು.

"ಏನು ಹ್ಯಾಂಗಾತು? ಚಹಾದಾಗ ಚೂರು ಉಸುಕು ಬಿದ್ದದ, ಅಷ್ಟ."

"ನೋಡ್ರವ್ವಾ! ದುಃಖಕ್ಕ ತಲೀನೇ ಕೆಟ್ಟದ!"

ಅಷ್ಟರಲ್ಲಿ ಬಸವಕಲ್ಯಾಣದ ಎದುರಾಳಿ ಟೆಂಟ್ ಹೌಸಿನ ವೈಜನಾಥ ಮುಂದೆ ಬಂದು ಕೈಮುಗಿದ. "ವೈನಿ, ಸೀಜನ್ನಿನ ಫಿಕರ್ ಬಿಡ್ರಿ. ಅಣ್ಣನ ಡಿಸೆಂಬರ್ ಬುಕಿಂಗ್ ಎಲ್ಲಾ ನಾ ಸಂಭಾಳಸ್ತೀನಿ. ಒಂದು ಲಗ್ನನೂ ನಿಲ್ಲಂಗಿಲ್ಲ."

ನಿಜ ಹೇಳಲು ಬಾಯಿ ತೆರೆದಿದ್ದ ಯಶೋದಾಬಾಯಿ ಬಾಯಿ ಮುಚ್ಚಿದಳು. ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡಳು.

"ಎಲ್ಲಾ?"

"ಎಲ್ಲಾ!"

"ಇಷ್ಟು ಮಂದಿ ಎದುರಿಗೆ ಹೇಳಾಕತ್ತೀರಿ."

"ಅಣ್ಣನ ಆಣೆ!"

ಡೇರೆಯೊಳಗೆ ಚಾದರ ಎದ್ದು ಕೂತಿತು. "ಯಾವನಂವ ನನ್ನ ಬುಕಿಂಗಿಗೆ ಕೈ ಹಾಕಂವ?"

ಧೂಳಮ್ಮ ಮೂರ್ಛೆ ಹೋದಳು. ನಾಲ್ಕು ಮಂದಿ ಜೀಪು ಹತ್ತಿದರು. ವೈಜನಾಥ ಹಿಂದೆ ಜಿಗಿದು ಡೇರೆಯ ಹಗ್ಗಕ್ಕೆ ಎಡವಿದ. ಉಸುಕಿನಲ್ಲಿ ಬಡಿದ ಗೂಟ ನಿಲ್ಲುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷದ ಅನುಭವಿಗೆ ಗೊತ್ತಾದದ್ದು ಆಗಲೇ. ಇಡೀ ಡೇರೆ ತುಳಜಾರಾಮನ ಮೇಲೆ ಕುಸಿಯಿತು.

ಸಾವಿಗೆ ಬಂದವರೇ ಸೇರಿ ಅವನನ್ನು ಹೊರಗೆಳೆದರು. ಮೀಸೆಯ ತುಂಬ ಉಸುಕು. ಯಶೋದಾಬಾಯಿ ಕುರ್ಚಿ ಬಿಟ್ಟು ಏಳಲಿಲ್ಲ.

"ವೈಜನಾಥಣ್ಣ, ಆಣೆ ಮಾಡೀರಿ. ಡಿಸೆಂಬರಿನಾಗ ಎಂಟು ದಿನ ನೋಡ್ಕೋರಿ, ನಾವು ಜೈಸಲ್ಮೇರಿಗೆ ಹೋಗಿ ಬರ್ತೀವಿ." ಆಮೇಲೆ ಗಂಡನ ಕಡೆ ತಿರುಗಿದಳು. "ನೀವು ಒಂದಿನ ಇಲ್ಲಂದ್ರ ದಂಧೆ ಮುಳುಗ್ತದ ಅಂತಿದ್ರಿ. ಇವತ್ತು ಮುಂಜಾನಿಂದ ಸತ್ತೀರಿ. ಮುಳುಗ್ತೇನು?"

ತುಳಜಾರಾಮ ಸುತ್ತ ನೋಡಿದ. ವೈಜನಾಥ ನೆಲ ನೋಡಿದ.

"ಮುಳುಗಲಿಲ್ಲ," ಎಂದ ತುಳಜಾರಾಮ, ಸಣ್ಣ ದನಿಯಲ್ಲಿ.

"ಹಂಗಾದ್ರ ಏಳ್ರಿ, ಚಹಾ ಇಡ್ರಿ. ನಿಮ್ಮ ಸಲುವಾಗಿ ಅತ್ತು ಅತ್ತು ಇಷ್ಟು ಮಂದಿ ದಣದಾರ. ಮೊದಲು ನನಗ ಕೊಡ್ರಿ, ಉಸುಕು ಸೋಸಿ."