ಬೀಗರ ಹಾಡಿನ ಚಾನೆಲ್

ಮಗಳು ಸ್ಫೂರ್ತಿಯ ಮದುವೆಯಲ್ಲಿ ತಾನು ಹೇಳುವ ಬೀಗರ ಹಾಡಿಗೆ ಗಂಡಿನ ಕಡೆಯವರು ಊಟ ಮರೆತು ಬೆವರಬೇಕು! ಸಿದ್ದಾಪುರದ ಸೀತಮ್ಮ ಹೀಗೊಂದು ಪಣ ತೊಟ್ಟಳು. ಬೀಗರನ್ನು ಆಡಿಕೊಳ್ಳುವ ಆ ಹಾಡು ಅವಳೇ ಕಟ್ಟಿದ್ದು. ಊಟದ ಪಂಕ್ತಿ ಕೂರುವ ತನಕ ಅದು ಬೀಗರ ಕಿವಿಗೆ ಬೀಳಕೂಡದು.

ಜೊತೆಗೆ ಹಾಡುವ ಹೆಂಗಸರು ಒಬ್ಬೊಬ್ಬರು ಒಂದೊಂದು ಊರಿನವರು. ಅವರಿಗೆ ಕಲಿಸಲೆಂದು ಸ್ಫೂರ್ತಿ ಮೊಬೈಲಿನಲ್ಲಿ ಚಾನೆಲ್ ಮಾಡಿಕೊಟ್ಟಳು. ಚಂದಾದಾರರಾದವರಿಗೆ ಹಾಡು ತಾನಾಗಿ ಹೋಗುತ್ತದೆ; ಅವರ ಮೊಬೈಲು ಅದನ್ನು ಉಳಿದ ಚಂದಾದಾರರಿಗೆ ಹಂಚುತ್ತದೆ. ನಡುವೆ ಯಾವ ಕಂಪನಿಯ ಯಜಮಾನಿಕೆಯೂ ಇಲ್ಲ. ಸೀತಮ್ಮ ಹಾಡಿದಳು, ಕಳಿಸಿಯೇ ಬಿಟ್ಟಳು.

ಮಧ್ಯಾಹ್ನ ಸ್ಫೂರ್ತಿ ಓಡಿಬಂದಳು. “ಆಯಿ, ಪಟ್ಟಿಲಿ ಯಲ್ಲಾಪುರದ ಅತ್ತೆ ಹೆಸರೂ ಇದ್ದು!”

ಗೋದಾವರಕ್ಕ! ಹುಡುಗನ ತಾಯಿ! ನಿಶ್ಚಯದ ದಿನ ಹೊಸ ಚಾನೆಲ್ ತೋರಿಸುವ ಹೆಮ್ಮೆಯಲ್ಲಿ ಅವಳನ್ನೂ ಅದಕ್ಕೆ ಸೇರಿಸಿದವಳು ಖುದ್ದು ಸೀತಮ್ಮನೇ. ಹಾಡಿನಲ್ಲೋ, ಬೀಗಿತ್ತಿಯ ಸಾರಿನಲ್ಲಿ ಬೇಳೆ ಹುಡುಕಲು ದೋಣಿ ಹತ್ತಬೇಕು!

ಸೀತಮ್ಮ ಗಡಬಡಿಸಿ ತನ್ನ ಮೊಬೈಲಿನಿಂದ ಹಾಡು ಅಳಿಸಿದಳು. ಅಷ್ಟರಲ್ಲಿ ಶಿರಸಿಯ ತಂಗಿಯ ಫೋನು: “ಅಕ್ಕಾ, ಹಾಡು ಈಗಷ್ಟೇ ಬಂತು!”

“ಆನು ಆಗ್ಲೇ ಅಳಿಸಿದ್ದಿ! ಎಲ್ಲಿಂದ ಬಂತೆ?”

“ಬೇರೆಯವ್ರ ಫೋನಿಂದ.”

ಎಲೆಯಡಿಕೆ ಕವಳ ಹಾಕುತ್ತಿದ್ದ ಗಂಡ ಗಣಪಣ್ಣ ನಕ್ಕ. “ಊರಿಗೆಲ್ಲ ಹೆಪ್ಪು ಕೊಟ್ಟಿಕ್ಕಿ ಯಮ್ಮನೆ ಮಜ್ಜಿಗೆ ಚೆಲ್ಲಿದ್ರೆ ಎಂತ ಆತು ಮಾರಾಯ್ತಿ?”

“ನಿಂಗ ಸುಮ್ನಿರಿ!”

ಮೂರು ದಿನ ಬಸ್ಸು ಹತ್ತಿ ಇಳಿದು, ಜೊತೆಗೆ ಹಾಡುವವರ ಎಂಟೂ ಮನೆಯ ಮೊಬೈಲುಗಳಲ್ಲಿ ಎದುರು ನಿಂತು ಅಳಿಸಿದ್ದಾಯಿತು. ಮನೆಗೆ ಬಂದು ನೋಡಿದರೆ ಒಂಬತ್ತಿದ್ದ ಚಂದಾದಾರರು ಇಪ್ಪತ್ತಾರು! ಹೊಸಬರೆಲ್ಲ ಯಲ್ಲಾಪುರದವರು. ಗೋದಾವರಕ್ಕನಿಂದ ಮಾತ್ರ ಒಂದು ಮಾತಿಲ್ಲ. ಸಂಬಂಧ ಕೆಟ್ಟರೆ? ಸೀತಮ್ಮನಿಗೆ ಅನ್ನ ಸೇರಲಿಲ್ಲ.

ಮದುವೆಯ ದಿನ ಪಂಕ್ತಿ ಕೂತಿತು. ಸೀತಮ್ಮ ಹಾಡುವುದು ಬಿಟ್ಟು ತುಪ್ಪ ಬಡಿಸತೊಡಗಿದಳು.

“ಎಂತ ಸೀತಕ್ಕ, ಹಾಡು ಇಲ್ಯನೆ? ಹಂಗಾರೆ ಯಂಗವೇ ಹೇಳ್ತ್ಯ,” ಎಂದು ಗೋದಾವರಕ್ಕ ದನಿ ತೆಗೆದಳು. ಯಲ್ಲಾಪುರದ ಹೆಂಗಸರೆಲ್ಲ ಕೂಡಿಕೊಂಡರು. ಅದೇ ರಾಗ, ಅದೇ ಸಾರು, ಅದೇ ದೋಣಿ! ತನ್ನನ್ನೇ ಆಡಿಕೊಂಡ ಹಾಡಿಗೆ ಗೋದಾವರಕ್ಕ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಸೀತಮ್ಮನಿಗೆ ಹೋದ ಜೀವ ಬಂತು.

“ಚೊಲೋ ಹಾಡು ಸೀತಕ್ಕ! ಯಂಗ ಒಂದಕ್ಷರ ಬಿಡದ್ದೆ ಕಲ್ತಿದ್ಯ. ಮುಂದಿಂದು ಕೇಳು!”

ಹದಿನೆಂಟು ಹೆಂಗಸರು ಒಕ್ಕೊರಲಿನಲ್ಲಿ, ರಾಗ ತಪ್ಪದೆ ಎಳೆದರು: “ಇವ್ರೇ… ಹಾಲು ಉಕ್ತು… ಗ್ಯಾಸ್ ಬಂದ್ ಮಾಡೀ…”

ಅಯ್ಯೋ! ಹಾಡಿನ ನಡುವೆ ತಾನು ಗಂಡನಿಗೆ ಕೂಗಿದ್ದೂ ಸೇರಿಕೊಂಡೇ ಹೋಗಿತ್ತೇ!

ಪಂಕ್ತಿಗೆ ಉಪಚಾರ ಹೇಳುತ್ತಿದ್ದ ಗಣಪಣ್ಣ, “ಬಂದೆ ಬಂದೆ!” ಎನ್ನುತ್ತ ಅಡುಗೆಮನೆಗೆ ಓಡಿದ.