ಅತ್ತೆ ಮುಟ್ಟದ ಬುಟ್ಟಿ

ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಯಲ್ಲಿ ಆಗ ಹುಲಿಗೆ ಹೆದರದವರು ಇರಲಿಲ್ಲ. ಆದರೆ ಹುಲಿಯೇ ಹೆದರಿ ಓಡುವಷ್ಟು ಹೆದರಿಕೆ ಇದ್ದದ್ದು ನಮ್ಮ ಸೋದರತ್ತೆಗೆ ಮಾತ್ರ. ನಮ್ಮೂರು ಕೊಂಬೈಯ ತೋಟದಂಚಿನಲ್ಲಿ ಒಂದು ಸಂಜೆ ಅವಳು ಕಿರುಚಿದ ರಭಸಕ್ಕೆ ಪೊದೆಯೊಳಗಿದ್ದ ಏನೋ ಒಂದು ಬೆಟ್ಟದ ಕಡೆ ದೌಡಾಯಿಸಿತು. ಅದು ಹುಲಿ ಎಂದಳು ಅತ್ತೆ. ಪಕ್ಕದ ಮನೆಯವರ ಎಮ್ಮೆಗರು ಎಂದಿತು ಊರು. ಕರು ಮೂರು ದಿನ ಸಿಗಲಿಲ್ಲ ಎನ್ನುವುದಷ್ಟೇ ನಾನು ಹೇಳಬಲ್ಲೆ.

ಹಲ್ಲಿ, ಗುಡುಗು, ಸೀನು, ಬಾವಿಯೊಳಗಿಂದ ಮರಳಿ ಬರುವ ತನ್ನದೇ ದನಿ, ಹೀಗೆ ಎಲ್ಲಕ್ಕೂ ಅವಳಿಗೆ ಭಯ. ಅವಳು ಯಾವುದಕ್ಕೆ ಹೆದರುವುದಿಲ್ಲ ಎಂದು ಕೇಳಿದರೆ ಉತ್ತರ ಬೇಗ ಮುಗಿಯುತ್ತಿತ್ತು.

ಇಂಥವಳ ಪಾಲಿಗೆ ನನ್ನ ತಂಗಿಯ ಸೀಮಂತ ಬಂತು. ತಂಗಿಯನ್ನು ದಿಂಡಿಗಲ್ಲಿನ ಹೊಗೆಸೊಪ್ಪಿನ ವ್ಯಾಪಾರಿಗೆ ಕೊಟ್ಟಿದ್ದೆವು. ಏಳನೆಯ ತಿಂಗಳಿಗೆ ತವರಿನಿಂದ ಸೀರಿನ ಬುಟ್ಟಿ, ಅಂದರೆ ಉಡುಗೊರೆ ತುಂಬಿದ ಬುಟ್ಟಿ, ಹೋಗಬೇಕು. ಅಮ್ಮ ಇದ್ದಿದ್ದರೆ ಅವಳೇ ತುಂಬುತ್ತಿದ್ದಳು. ಆದರೆ ಅಮ್ಮ ತಂಗಿಯನ್ನು ಹೆತ್ತ ದಿನವೇ ತೀರಿಕೊಂಡಿದ್ದಳು. ನಮ್ಮಿಬ್ಬರನ್ನು ಸಾಕಿದವಳು ಈ ಅತ್ತೆ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಮರಳಿದ್ದ ಅಪ್ಪನ ತಂಗಿ.

ಕಂಬಂ ಸಂತೆಗೆ ಹೋದರೆ ಒಂದೇ ಬೆಳಿಗ್ಗೆ ಎಲ್ಲವನ್ನೂ ಕೊಂಡು ತರಬಹುದಿತ್ತು. ಅತ್ತೆ ಒಪ್ಪಲಿಲ್ಲ. ಆ ಕಾಲದಲ್ಲಿ ಮೇಲಿನ ಕಾಡಿನಲ್ಲಿ ನದಿಗೆ ಅಣೆ ಕಟ್ಟುತ್ತಿದ್ದರು; ಅಲ್ಲಿಗೆ ಕೂಲಿಗೆ ಹೋದವರು ಜ್ವರ ಹೊತ್ತು ಇಳಿಯುತ್ತಿದ್ದರು. ಸಂತೆಯ ಸಾಮಾನನ್ನು ಯಾರ ಯಾರ ಕೈ ಮುಟ್ಟಿದೆಯೋ ಎಂಬುದು ಅವಳ ಚಿಂತೆ. ಪ್ರತಿಯೊಂದನ್ನೂ ಮಾಡುವವರ ಮನೆಗೇ ಹೋಗಿ, ಮಾಡುವುದನ್ನು ಕಣ್ಣಾರೆ ನೋಡಿ ತರಬೇಕು. ಜೊತೆಗೆ ನಾನು.

ಮೊದಲು ಬುಟ್ಟಿ ಹೆಣೆಯುವವನ ಮನೆ. ಬಿದಿರಿನ ಸಂದಿಯಲ್ಲಿ ಚೇಳು ಕೂತಿರಬಹುದೆಂದು ಬುಟ್ಟಿಯನ್ನು ಹೊಗೆಗೆ ಹಿಡಿಸಿದಳು. ಬುಟ್ಟಿ ಕಪ್ಪಾಯಿತು. ಕಪ್ಪು ಶುಭಕ್ಕೆ ಆಗದು ಎಂದು ಇನ್ನೊಂದು ಹೆಣೆಸಿದಳು. ಅದರಲ್ಲೂ ಚೇಳಿರಬಹುದಲ್ಲ? ಮೂರನೆಯದಕ್ಕೆ ಅವನೇ ಹೆಂಡತಿಯನ್ನು ಸಹಾಯಕ್ಕೆ ಕರೆದು, ಪ್ರತಿ ಸೀಳನ್ನೂ ಅತ್ತೆಗೆ ತೋರಿಸಿ ತೋರಿಸಿ ಹೆಣೆದ.

ಆಮೇಲೆ ಗಾಣದ ಎಣ್ಣೆ. ಎಳ್ಳಿನ ರಾಶಿಯಲ್ಲಿ ಹಾವು ಹೊರಳಿದ್ದರೆ ಏನು ಗತಿ ಎಂದು ಕೇಳಿದಳು. ಗಾಣಿಗ ನಕ್ಕು, ಬೊಗಸೆ ತುಂಬ ಎಣ್ಣೆಯನ್ನು ಅವಳ ಎದುರಿಗೇ ಕುಡಿದ. ಅತ್ತೆ ಕಟ್ಟೆಯ ಮೇಲೆ ಕೂತಳು. ಅವನು ಬದುಕುತ್ತಾನೋ ಇಲ್ಲವೋ ನೋಡಬೇಕಲ್ಲ! ಗಳಿಗೆಗೊಮ್ಮೆ, "ಹೊಟ್ಟೆ ಹೆಂಗದೆ ಸಾಮಿ?" ಎಂದು ವಿಚಾರಿಸಿದಳು. ಮಧ್ಯಾಹ್ನದ ಹೊತ್ತಿಗೆ ಗಾಣಿಗ ನಗುವುದನ್ನು ಬಿಟ್ಟಿದ್ದ. ಇಳಿಹೊತ್ತಿಗೆ ಅವನೇ ಹೋಗಿ ವೈದ್ಯನಿಗೆ ನಾಡಿ ತೋರಿಸಿಕೊಂಡು ಬಂದ.

ಬಳೆಗಾರನ ಮನೆಯಲ್ಲಿ ನನ್ನ ಮಾನ ಹೋಯಿತು. ಗಾಜು ಒಡೆದು ಬಸುರಿಯ ಕೈ ಕೊಯ್ದರೆ? ಯಾರಾದರೂ ತೊಟ್ಟು, ನೀರು ಸೇದಿ ನೋಡಬೇಕು. ಬಳೆಗಾರ ನನ್ನ ಗೆಣ್ಣುಗಳಿಗೆ ಎಣ್ಣೆ ತಿಕ್ಕಿ ಎರಡೂ ಕೈಗೆ ಏರಿಸಿದ. ಮೀಸೆ ಹೊತ್ತ ನಾನು ಘಲಘಲ ಎನ್ನುತ್ತ ಊರಬಾವಿಯಲ್ಲಿ ನೀರು ಸೇದಿದೆ. ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತರು.

ನನಗೆ ರೇಗಿತು. "ನೀನೇ ತೊಟ್ಟು ನೋಡಬಾರದಾಗಿತ್ತಾ ಅತ್ತೆ?" ಎಂದುಬಿಟ್ಟೆ.

ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅತ್ತೆ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಅಷ್ಟು ದಿನವೂ ಅವಳು ಒಂದು ಸಾಮಾನನ್ನೂ ಮುಟ್ಟಿರಲಿಲ್ಲ. ಗದ್ದದಿಂದ ತೋರಿಸುವುದು, ಎತ್ತಿಕೊಳ್ಳುವವನು ನಾನು. ಅದು ನನಗೆ ಆಗ ಹೊಳೆಯಿತು.

"ನನ್ನ ಕೈ ಸೋಕಬಾರದು ಸಾಮಿ," ಎಂದಳು. "ನಿಮ್ಮವ್ವನ ಹೆರಿಗೆಗೆ ಬಿಸಿನೀರು ಕಾಸಿ ಕೊಟ್ಟವಳು ನಾನೇ."

ನಾನು ಇನ್ನೊಂದು ಕೊಡ ನೀರು ಸೇದಿದೆ.

ದಿಂಡಿಗಲ್ಲಿಗೆ ಗಾಡಿಯಲ್ಲಿ ನಾಲ್ಕು ದಿನ. ದಾರಿಯುದ್ದಕ್ಕೂ ಬುಟ್ಟಿ ನನ್ನ ತೊಡೆಯ ಮೇಲೆ. ಕಳ್ಳರು, ಕಾಲರಾ, ಎತ್ತಿನ ಕೊರಳಿನ ಗಂಟೆ ತಟ್ಟನೆ ನಿಲ್ಲುವುದು, ಎಲ್ಲಕ್ಕೂ ಅತ್ತೆ ಬೆಚ್ಚುತ್ತಿದ್ದಳು. ಎರಡನೆಯ ದಿನದಿಂದ ನಾನೂ ಬೆಚ್ಚತೊಡಗಿದೆ. ತಂಗಿಗೂ ಅಮ್ಮನ ಹಾಗೇ ಆದರೆ ಎಂಬ ಯೋಚನೆ ಒಮ್ಮೆ ಒಳಗೆ ಬಂದದ್ದು ಹೊರಗೆ ಹೋಗಲೇ ಇಲ್ಲ.

ತವರಿನಲ್ಲಿ ತಾಯಿಯಿಲ್ಲವೆಂದು ಹೆರಿಗೆಯೂ ದಿಂಡಿಗಲ್ಲಿನಲ್ಲೇ ಎಂದಾಗಿತ್ತು. ಊರು ಮುಟ್ಟಿದ್ದೇ ಅತ್ತೆ ಬಾಣಂತಿ ಕೋಣೆಗೆ ಬೀಗ ಬೇಕೆಂದಳು. ಬೀಗ ಮಾಡುವ ಮುದುಕನ ಕುಲುಮೆಗೆ ಹೋದೆವು. ದೆವ್ವ ತೆಗೆಯಲಾರದ ಬೀಗ ಕೊಡು ಎಂದು ಅತ್ತೆ ತಮಿಳಿನಲ್ಲಿ ಕೇಳಿದಳು. ಮುದುಕ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟು, ದೆವ್ವ ಬಾಗಿಲಿನಿಂದ ಯಾಕೆ ಬರುತ್ತದೆ, ಗೋಡೆಯಿಂದಲೇ ಬರುತ್ತದಲ್ಲ ಎಂದ. ಅತ್ತೆಯ ಮುಖ ಬಿಳುಚಿತು. ಹಾಗಾದರೆ ಗೋಡೆಗೆ ಹಾಕುವ ಬೀಗ ಇದೆಯೇ ಎಂದು ಕೇಳಿದಳು. ಕೊನೆಗೆ ಬಾಗಿಲಿನ ಬೀಗವನ್ನೇ ಕೊಂಡೆವು.

ಸೀಮಂತದ ದಿನ ಬುಟ್ಟಿ ನಡುಮನೆಯಲ್ಲಿತ್ತು, ಅತ್ತೆ ಹಿತ್ತಲಲ್ಲಿದ್ದಳು. ಯಾರೂ ಅವಳನ್ನು ಹೋಗೆನ್ನಲಿಲ್ಲ. ತಾನೇ ಹೋಗಿ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದಳು. ಮುತ್ತೈದೆಯರು ಬಳೆಗೆ ಕೈಯಿಟ್ಟರು. ತಂಗಿ ಕೈ ಚಾಚಲಿಲ್ಲ. ಅವಳು ಬಹಳ ಇಳಿದಿದ್ದಳು. ತಿಂಗಳಿಂದ ಸರಿಯಾಗಿ ಉಣ್ಣುತ್ತಿಲ್ಲ, ಮಲಗಿದರೆ ಬೆಚ್ಚಿ ಏಳುತ್ತಾಳೆ ಎಂದು ಅವಳ ಅತ್ತೆಮನೆಯವರು ನನಗೆ ಹೇಳಿದ್ದರು. ಈಗ ಹಸೆಯಿಂದ ಎದ್ದವಳೇ ಬಳೆಯ ತಟ್ಟೆ ಹಿಡಿದು ನೇರ ಹಿತ್ತಲಿಗೆ ನಡೆದಳು. ನಾವೆಲ್ಲ ಹಿಂದೆ.

"ನೀನೇ ಇಡು," ಎಂದಳು ನಮ್ಮತ್ತೆಗೆ.

"ಬ್ಯಾಡ ಕಣ್ಣೇ. ನನ್ನ ಕೈ..."

"ನಂಗೆ ಬಯ ಆಗ್ತದೆ ಅತ್ತೆ. ಯಾರು ಬಳೆ ಇಟ್ಟರೂ ಆ ಬಯ ಹೋಗಲ್ಲ. ನೀನು ನನ್ನ ಕೈ ಹಿಡ್ಕೊ."

ಹೆಂಗಸರ ಗುಂಪಿನಲ್ಲಿ ಯಾರೋ ಗೊಣಗಿದರು. ತಂಗಿಯ ಅತ್ತೆ ಅವರನ್ನು ಒಂದು ನೋಟದಲ್ಲೇ ಸುಮ್ಮನಾಗಿಸಿದರು. ನಮ್ಮತ್ತೆ ಕೈ ಹೊರತೆಗೆದಳು. ಅದೆಷ್ಟು ನಡುಗುತ್ತಿತ್ತೆಂದರೆ ಮೊದಲ ಬಳೆ ಒಡೆಯಿತು. ಎರಡನೆಯದೂ ಒಡೆಯಿತು. ತಂಗಿ ಕೈ ಹಿಂದೆಗೆಯಲಿಲ್ಲ. ಮೂರನೆಯದು ಏರಿತು.

ಆಮೇಲೆ ಅತ್ತೆ ಕೊಂಬೈಗೆ ಮರಳಲಿಲ್ಲ, ತಂಗಿ ಬಿಡಲಿಲ್ಲ. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ನೋವು ಕಾಣಿಸಿತು. ಹೆರಿಗೆಯ ಹೊತ್ತಿಗೆಂದು ಮತ್ತೆ ಬಂದಿದ್ದ ನಾನು ಜಗಲಿಯ ಮೇಲೆ ಕಂಬ ಹಿಡಿದು ನಿಂತಿದ್ದೆ. ಒಳಗೆ ಸೂಲಗಿತ್ತಿ ನೀರು ಕೇಳಿದಳು, ಎಣ್ಣೆ ಕೇಳಿದಳು; ಪ್ರತಿ ಸಲವೂ ಬರುತ್ತಿದ್ದ ಉತ್ತರ ನಮ್ಮತ್ತೆಯದು. ಮಧ್ಯಾಹ್ನ ಬಾಗಿಲು ತೆರೆಯಿತು. ತಂಗಿ ಕ್ಷೇಮ, ಹೆಣ್ಣುಮಗು ಎಂದರು.

ಅವತ್ತು ಅತ್ತೆಯ ಹೆದರಿಕೆಯೆಲ್ಲ ಓಡಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಗಡಗಡ ನಡುಗುತ್ತಿದ್ದಳು. ನಡುಗುತ್ತಲೇ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಸೂಲಗಿತ್ತಿ ಎರಡು ಸಲ ಕೇಳಿದರೂ ಕೊಡಲಿಲ್ಲ.